ತರಾಟೆ ಸಾಕು, ಅನುಪಾಲನೆ ಬೇಕು

ಮೂರು ತಿಂಗಳಿಗೊಮ್ಮೆ ನಮ್ಮ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ಒಂದು ನಾಟಕ ನಡೆಯುತ್ತದೆ. ಟಿಕೀಟಿಲ್ಲ, ಆದರೆ ಖರ್ಚು ನಮ್ಮದೇ. ಹೊರಗೆ ಸಾಲುಸಾಲು ಬಿಳಿ ಕಾರುಗಳು. ಒಳಗೆ ಜಿಲ್ಲಾ ಉಸ್ತುವಾರಿ ಸಚಿವರು, ಅವರ ಎಡಬಲಕ್ಕೆ ಶಾಸಕರು, ಜಿಲ್ಲಾಧಿಕಾರಿ, ಸಿಇಓ. ಎದುರಿಗೆ ಇಲಾಖಾವಾರು ಅಧಿಕಾರಿಗಳು, ಪರೀಕ್ಷೆಗೆ ಕೂತ ಹುಡುಗರ ಹಾಗೆ. ಒಬ್ಬೊಬ್ಬರ ಮುಂದೆಯೂ ದಿಂಬಿನಷ್ಟು ದಪ್ಪದ ಪ್ರಗತಿ ವರದಿ, ಒಂದು ನೀರಿನ ಬಾಟಲಿ, ಒಂದು ತಟ್ಟೆ ಗೋಡಂಬಿ. ಇದೇ ಕೆಡಿಪಿ ಸಭೆ.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಚಿವರ ದನಿ ಏರುತ್ತದೆ. "ಏನ್ರೀ ಇದು? ಜನ ನಮ್ಮ ಮುಖಕ್ಕೆ ಉಗೀತಾರೆ! ನಾಳೆಯಿಂದ ಕೆಲಸ ಶುರುವಾಗ್ಬೇಕು, ಇಲ್ದಿದ್ರೆ ಸಸ್ಪೆಂಡ್ ಮಾಡಿಸ್ತೀನಿ!" ಅಧಿಕಾರಿ ಎದ್ದು ನಿಂತು ಹೇಳುವುದು ಒಂದೇ ಮಾತು: "ಆಯ್ತು ಸರ್, ಕ್ರಮ ವಹಿಸ್ತೀವಿ ಸರ್." ಫೋಟೋದವರು ಓಡಿಬರುತ್ತಾರೆ. ಅಂದು ಸಂಜೆ ನಮ್ಮ ಪತ್ರಿಕೆಯಲ್ಲೂ, ಮಾರನೇ ಬೆಳಿಗ್ಗೆ ಉಳಿದ ಪತ್ರಿಕೆಗಳಲ್ಲೂ ಒಂದೇ ತಲೆಬರಹ: "ಅಧಿಕಾರಿಗಳಿಗೆ ಸಚಿವರ ತರಾಟೆ."

ಮೂರು ತಿಂಗಳು ಬಿಟ್ಟು ನೋಡಿ. ಅದೇ ಸಭಾಂಗಣ, ಅದೇ ಗೋಡಂಬಿ, ಅದೇ ರಸ್ತೆಯ ಅದೇ ಗುಂಡಿ, ಅದೇ ತರಾಟೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಒಂದು ತಪ್ಪು ಮೊದಲೇ ಒಪ್ಪಿಕೊಳ್ಳುತ್ತೇವೆ. ಈ ನಾಟಕದಲ್ಲಿ ನಮಗೂ ಒಂದು ಪಾತ್ರವಿದೆ. ತರಾಟೆಯನ್ನು ನಾವು ಸುದ್ದಿ ಮಾಡಿದೆವು. ತರಾಟೆಯಿಂದ ಏನಾಯಿತು ಅನ್ನುವುದನ್ನು ಮಾಡಲಿಲ್ಲ. ಸಚಿವರಿಗೂ ಅದು ಗೊತ್ತು, ಅಧಿಕಾರಿಗೂ ಗೊತ್ತು. ಗದರಿದವರಿಗೆ ಹೆಸರು ಬಂತು, ಗದರಿಸಿಕೊಂಡವನಿಗೆ ಇನ್ನು ಮೂರು ತಿಂಗಳು ನಿಶ್ಚಿಂತೆ ಬಂತು. ಗುಂಡಿ ಮಾತ್ರ ಇದ್ದಲ್ಲೇ ಇತ್ತು.

ಯಾರೂ ತೆರೆಯದ ಪುಟ

ಆ ದಪ್ಪ ಪುಸ್ತಕದ ಮೊದಲ ಪುಟಗಳನ್ನು ಯಾರಾದರೂ ತೆರೆದು ನೋಡಿದ್ದೀರಾ? "ಹಿಂದಿನ ಸಭೆಯ ನಡವಳಿಗಳಿಗೆ ಅನುಪಾಲನಾ ವರದಿ" ಎಂದಿರುತ್ತದೆ. ಹೋದ ಸಭೆಯಲ್ಲಿ ಏನು ಹೇಳಿದಿರಿ, ಅದರಲ್ಲಿ ಏನು ಮಾಡಿದಿರಿ, ಎಷ್ಟೇ ಮಾಡಿದ್ದರೆ ಉಳಿದದ್ದು ಯಾಕೆ ಉಳಿಯಿತು - ಇಷ್ಟೇ ಅದರ ಸಾರ. ಸರ್ಕಾರ ಜನಕ್ಕೆ ಲೆಕ್ಕ ಒಪ್ಪಿಸುವುದೆಂದರೆ ಕೊನೆಗೂ ಇದೇ ಪುಟ. ಮಿಕ್ಕಿದ್ದೆಲ್ಲ ಅಂಕಿಸಂಖ್ಯೆ.

ಸಭೆಯಲ್ಲಿ ಅತಿ ಬೇಗ ಮುಗಿಯುವುದೂ ಇದೇ ಪುಟ. "ಎಲ್ರೂ ಓದಿದ್ದೀರಲ್ಲ, ಮುಂದಕ್ಕೆ ಹೋಗೋಣ" ಅನ್ನುತ್ತದೆ ವೇದಿಕೆ. ಯಾರೂ ಓದಿರುವುದಿಲ್ಲ. ಓದಿದ್ದರೆ, ಸಾಲಿಗೆ ಸಾಲು ಒಂದೇ ವಾಕ್ಯ ಕಣ್ಣಿಗೆ ಬೀಳುತ್ತಿತ್ತು: "ಕ್ರಮ ಕೈಗೊಳ್ಳಲಾಗುತ್ತಿದೆ." ಯಾರು ಕೈಗೊಳ್ಳುತ್ತಿದ್ದಾರೆ, ಎಂದಿನಿಂದ, ಎಂದಿಗೆ ಮುಗಿಯುತ್ತದೆ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇತ್ತ ಇಲ್ಲ ಎಂದೂ ಅಲ್ಲ, ಅತ್ತ ಆಯಿತು ಎಂದೂ ಅಲ್ಲ.

ಇದು ನಮ್ಮ ಜಿಲ್ಲೆಯ ರೋಗ ಮಾತ್ರವಲ್ಲ. ತಾಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಇದೇ ಜ್ವರ. ಇಲಾಖೆ ವರದಿ ಕೊಡುತ್ತದೆ, ಕೇಳಬೇಕಾದವರು ಕೇಳುವುದಿಲ್ಲ. ಇವತ್ತು ನಾವು ಹೇಳಹೊರಟ ಮಾತು ಇದೊಂದೇ: ವರದಿ ಇಲ್ಲದೆ ಈ ನಾಡು ಕೆಟ್ಟಿಲ್ಲ. ವರದಿ ಹಿಡಿದು, ತಾರೀಖು ನೆನಪಿಟ್ಟು, ಎರಡನೇ ಸಲ ಕೇಳುವವರಿಲ್ಲದೆ ಕೆಟ್ಟಿದೆ.

ಖರ್ಚೇ ಸಾಧನೆಯಾದಾಗ

ಮೊದಲು ವರದಿಯ ಒಳಗನ್ನೇ ನೋಡೋಣ. ಅದರಲ್ಲಿ ಕಾಲಂಗಳಿರುತ್ತವೆ. ಗುರಿ, ಸಾಧನೆ, ಶೇಕಡಾವಾರು. ಅನುದಾನ ಇಷ್ಟು, ಬಿಡುಗಡೆ ಇಷ್ಟು, ವೆಚ್ಚ ಇಷ್ಟು. ಹಣ ಪೂರ್ತಿ ಖರ್ಚಾಗಿದ್ದರೆ ಆ ಇಲಾಖೆ ಜಾಣ ಹುಡುಗ. ಉಳಿದಿದ್ದರೆ ದಡ್ಡ. ಖರ್ಚಾದ ದುಡ್ಡಿಗೆ ಪ್ರತಿಯಾಗಿ ಜನಕ್ಕೆ ಏನು ಸಿಕ್ಕಿತು ಅನ್ನುವುದಕ್ಕೆ ಕಾಲಂ ಇಲ್ಲ.

ನೀರಿನ ವಿಚಾರವನ್ನೇ ತೆಗೆದುಕೊಳ್ಳಿ. 2019ರಲ್ಲಿ ಜಲ ಜೀವನ್ ಯೋಜನೆ ಶುರುವಾಯಿತು. ಅದರಲ್ಲಿ ಹಳ್ಳಿಯ ಮನೆಗೆ ಕೊಟ್ಟ ಮಾತು ಬರೀ ನಲ್ಲಿಯದಲ್ಲ. ತಲೆಗೆ ದಿನಕ್ಕೆ 55 ಲೀಟರ್ ನೀರಿನದು. ಆದರೆ ಸಭೆಯಲ್ಲಿ ಎಣಿಸುವುದು ನಲ್ಲಿಗಳನ್ನು. ಇಷ್ಟು ಸಾವಿರ ಮನೆಗೆ ಸಂಪರ್ಕ ಕೊಟ್ಟಿದ್ದೇವೆ, ಶೇಕಡಾ ಇಷ್ಟು ಪ್ರಗತಿ. ನಲ್ಲಿ ಹಾಕಿದ ಮೇಲೆ ಅದರಲ್ಲಿ ನೀರು ಬಂತೇ, ವಾರಕ್ಕೆ ಎಷ್ಟು ದಿನ ಬಂತು, ಬೇಸಿಗೆಯಲ್ಲಿ ಬಂತೇ? ಆ ಸಭೆಯಲ್ಲಿ ಇದು ಪ್ರಶ್ನೆಯೇ ಅಲ್ಲ.

ಹೋದ ಬೇಸಿಗೆಯಲ್ಲಿ ಒಂದು ಹಳ್ಳಿಗೆ ಹೋಗಿದ್ದೆವು. ಊರ ಹೆಸರು ಬೇಡ. ಹೆಸರು ಹೇಳಿದರೆ ಬಯ್ಗುಳ ಬೀಳುವುದು ನೀರಗಂಟಿಯ ಮೇಲೆ. ಮನೆ ಮುಂದೆ ನೀಲಿ ಪೈಪು, ಅದಕ್ಕೊಂದು ನಲ್ಲಿ. ನಲ್ಲಿಗೆ ಎಮ್ಮೆ ಕಟ್ಟಿದ್ದರು. "ಯಾಕಜ್ಜೀ ಹಿಂಗೆ?" ಅಂದೆವು. "ನೀರಂತೂ ಬರಲ್ಲ ಕಣಪ್ಪ, ಎಮ್ಮೆಗಾದ್ರೂ ಗೂಟ ಆಯ್ತಲ್ಲ" ಅಂದಿತು ಅಜ್ಜಿ. ಆ ನಲ್ಲಿ ಇಲಾಖೆಯ ಲೆಕ್ಕದಲ್ಲಿ ಸಾಧನೆ. ಅಜ್ಜಿಯ ಲೆಕ್ಕದಲ್ಲಿ ಗೂಟ. ಎರಡೂ ಲೆಕ್ಕ ಒಂದೇ ಕಾಗದದ ಮೇಲೆ ಬರುವ ತನಕ ಪ್ರಗತಿ ವರದಿ ಅನ್ನುವ ಹೆಸರೇ ಅದಕ್ಕೆ ಸಲ್ಲದು.

ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಇದೇ ಪಾಡು. ಅಳವಡಿಸಿದ್ದು ಎಷ್ಟು ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಇವತ್ತು ಬೆಳಿಗ್ಗೆ ನಡೆಯುತ್ತಿರುವುದು ಎಷ್ಟು ಎಂದು ಕೇಳಿ ನೋಡಿ. ಫೋನು ತಿರುಗುತ್ತವೆ, ಮುಖಗಳು ಕೆಳಗಾಗುತ್ತವೆ.

ಇನ್ನು ಮಾರ್ಚ್ ತಿಂಗಳು ಬಂತೆಂದರೆ ಕೇಳುವುದೇ ಬೇಡ. ಹನ್ನೊಂದು ತಿಂಗಳು ಮಲಗಿದ್ದ ಬಿಲ್ಲುಗಳೆಲ್ಲ ಎದ್ದು ಖಜಾನೆಯ ಮುಂದೆ ಸರದಿ ನಿಲ್ಲುತ್ತವೆ. ಖರ್ಚು ಮಾಡಲಾಗದ ಹಣ ಠೇವಣಿ ಖಾತೆಗೆ ಹೋಗಿ ಕೂರುತ್ತದೆ. ಪುಸ್ತಕದಲ್ಲಿ ಮಾತ್ರ ವೆಚ್ಚ ಎಂದು ಬರೆದಾಗಿರುತ್ತದೆ. ಇದನ್ನು ನಾವು ಕಂಡುಹಿಡಿದದ್ದಲ್ಲ. ಲೆಕ್ಕಪರಿಶೋಧಕರು ವರ್ಷ ವರ್ಷವೂ ಬರೆಯುತ್ತಲೇ ಇದ್ದಾರೆ. ಅದನ್ನು ಓದುವವರು ಯಾರು?

ದಿವಾನರೇ ಲೆಕ್ಕ ಒಪ್ಪಿಸಿದ ನಾಡು

ಇದೆಲ್ಲ ವಿಲಾಯಿತಿ ಪದ್ಧತಿ, ನಮ್ಮಲ್ಲಿ ನಡೆಯಲ್ಲ ಎನ್ನುವವರಿಗೆ ಒಂದು ಹಳೇ ಮಾತು ಜ್ಞಾಪಿಸಬೇಕು. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ, ದಸರೆಯ ಹೊತ್ತಿಗೆ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. 144 ಜನ ಪ್ರತಿನಿಧಿಗಳು, ರೈತರು, ವರ್ತಕರು. ದಿವಾನರು ಅವರೆದುರು ನಿಂತು ಹಿಂದಿನ ವರ್ಷ ಸಂಸ್ಥಾನದಲ್ಲಿ ಏನೇನು ನಡೆಯಿತು, ಮುಂದೆ ಏನು ಮಾಡಬೇಕೆಂದಿದೆ ಎಂದು ವಿವರ ಕೊಟ್ಟರು. ಪ್ರತಿನಿಧಿಗಳು ತಮ್ಮ ಊರಿನ ಕಷ್ಟ ಹೇಳಿಕೊಂಡರು. ಅವರಿಗೆ ಮತ ಹಾಕುವ ಅಧಿಕಾರವಿರಲಿಲ್ಲ, ಬಜೆಟ್ ತಡೆಯುವ ಶಕ್ತಿಯಿರಲಿಲ್ಲ. ಅರಸೊತ್ತಿಗೆಯ ಕಾಲ. ಆದರೂ ವರ್ಷಕ್ಕೊಮ್ಮೆ ದಿವಾನರು ಬಂದು ಹೇಳಲೇಬೇಕು, ಜನ ಕೇಳಲೇಬೇಕು ಅನ್ನುವ ಪದ್ಧತಿ ಬೇರೂರಿತು.

ಇವತ್ತು ನಮಗೆ ಮತವಿದೆ, 224 ಚುನಾಯಿತ ಶಾಸಕರ ಸಭೆಯಿದೆ, ಮೇಲೊಂದು ಪರಿಷತ್ತಿದೆ, ಸಂವಿಧಾನವಿದೆ. ಇಲ್ಲದಿರುವುದು ಆ "ಲೇಬೇಕು" ಮಾತ್ರ.

ಕೊಂಡಿ ಕಳಚುವುದು ಎಲ್ಲಿ?

ಕಾನೂನಿನಲ್ಲಿ ದಾರಿ ಚೊಕ್ಕಟವಾಗಿದೆ. ಇಲಾಖೆ ಖರ್ಚು ಮಾಡುತ್ತದೆ. ಮಹಾಲೇಖಪಾಲರ ಕಚೇರಿಯವರು ಬಂದು ತಪಾಸಣೆ ಮಾಡಿ ಆಕ್ಷೇಪ ಬರೆಯುತ್ತಾರೆ. ಅದಕ್ಕೆ ಕಚೇರಿ ಮುಖ್ಯಸ್ಥರು ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಗಂಭೀರವಾದದ್ದು ಸಿಎಜಿ ವರದಿಗೆ ಸೇರುತ್ತದೆ. ಸಂವಿಧಾನದ 151ನೇ ಅನುಚ್ಛೇದದ ಪ್ರಕಾರ ಆ ವರದಿ ರಾಜ್ಯಪಾಲರಿಗೆ ಹೋಗಿ, ಅವರು ಅದನ್ನು ವಿಧಾನಮಂಡಲದ ಮುಂದೆ ಇಡಿಸಬೇಕು. ಸದನದ ಮುಂದಿಟ್ಟ ಮೇಲೆ ಇಲಾಖೆಗಳು ನಾಲ್ಕು ತಿಂಗಳೊಳಗೆ ಇಲಾಖಾ ಟಿಪ್ಪಣಿ ಕಳಿಸಬೇಕು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಲಾಖಾ ಕಾರ್ಯದರ್ಶಿಯನ್ನೇ ಕರೆದು ಕೂರಿಸಿ ವಿಚಾರಿಸಬೇಕು. ಆಮೇಲೆ ಸಮಿತಿಯ ವರದಿ, ಅದಕ್ಕೆ ಸರ್ಕಾರ ಕೈಗೊಂಡ ಕ್ರಮದ ವರದಿ.

ಹೇಳಲು ಎಷ್ಟು ಚೆಂದ! ಆದರೆ ಒಂದೊಂದು ಕೊಂಡಿಯಲ್ಲೂ ತುಕ್ಕು ಹಿಡಿದಿದೆ. ಒಂದು ತಿಂಗಳ ಉತ್ತರ ವರ್ಷಗಟ್ಟಲೆ ಬರುವುದಿಲ್ಲ. ಅಷ್ಟರಲ್ಲಿ ಆಕ್ಷೇಪಕ್ಕೆ ಕಾರಣರಾದವರು ವರ್ಗವಾಗಿರುತ್ತಾರೆ, ಇಲ್ಲವೇ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾರೆ. ನಾಲ್ಕು ತಿಂಗಳ ಟಿಪ್ಪಣಿಯ ಗಡುವು ಮೀರಿದ ಇಲಾಖೆಗಳ ಪಟ್ಟಿಯನ್ನು ಮುಂದಿನ ಸಿಎಜಿ ವರದಿಯಲ್ಲೇ ಅಚ್ಚು ಹಾಕುತ್ತಾರೆ. ಅಚ್ಚಾಯಿತು, ಅಷ್ಟೇ. ತಡ ಮಾಡಿದವರಿಗೆ ಒಂದು ಕಾಫಿ ಸಹ ತಪ್ಪಿದ್ದಿಲ್ಲ.

ಸಂವಿಧಾನದಲ್ಲೇ ಒಂದು ಸಂದು ಉಳಿದುಬಿಟ್ಟಿದೆ. ವರದಿಯನ್ನು ಸದನದ ಮುಂದೆ ಇಡಿಸಬೇಕು ಎಂದಿದೆ. ಎಷ್ಟು ದಿನದೊಳಗೆ ಅನ್ನುವುದಿಲ್ಲ. ಈ ಸಂದಿನಲ್ಲಿ ಏನೇನು ನುಸುಳಬಹುದು ಎನ್ನುವುದಕ್ಕೆ ದೆಹಲಿಯೇ ಸಾಕ್ಷಿ. ಅಲ್ಲಿ ಬಾಕಿ ಬಿದ್ದಿದ್ದ ಸಿಎಜಿ ವರದಿಗಳು ಹದಿನಾಲ್ಕು. 2025ರ ಫೆಬ್ರವರಿಯಲ್ಲಿ ಸರ್ಕಾರ ಬದಲಾದ ಮೇಲಷ್ಟೇ ಅವು ಒಂದೊಂದಾಗಿ ವಿಧಾನಸಭೆಯ ಮೆಟ್ಟಿಲು ಹತ್ತತೊಡಗಿದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಯಾವ ಪಕ್ಷದ ಸರ್ಕಾರವಾದರೂ ಅಷ್ಟೇ ಸ್ವಾಮಿ. ಅಧಿಕಾರದಲ್ಲಿದ್ದಾಗ ಸಿಎಜಿ ವರದಿ ಅಂದರೆ "ಬರೀ ಲೆಕ್ಕದ ತಾಂತ್ರಿಕ ದೋಷ". ವಿರೋಧದ ಬೆಂಚಿಗೆ ಬಂದ ಮಾರನೇ ದಿನ ಅದೇ ವರದಿ "ಮಹಾ ಹಗರಣ".

ಕೂತರೆ ತಾನೆ ಕೇಳುವುದು?

ಇನ್ನು ಸದನದ ಕಡೆ ಬನ್ನಿ. 2025-26ರ ನಮ್ಮ ರಾಜ್ಯದ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. 2011ರ ಜನಗಣತಿಯ ತಲೆ ಎಣಿಕೆಯಿಂದ ಭಾಗಿಸಿದರೆ, ತೊಟ್ಟಿಲ ಕೂಸು ಸೇರಿ ಒಬ್ಬೊಬ್ಬರ ಹೆಸರಿಗೂ ಸುಮಾರು 67 ಸಾವಿರ. ಇಷ್ಟು ದುಡ್ಡಿನ ಲೆಕ್ಕ ಕೇಳಲು ಸದನ ಎಷ್ಟು ದಿನ ಕೂರಬೇಕು?

ನಮ್ಮ ವಿಧಾನಮಂಡಲವೇ 2005ರಲ್ಲಿ ಒಂದು ಕಾಯಿದೆ ಮಾಡಿಕೊಂಡಿದೆ. ವರ್ಷಕ್ಕೆ ಕಡೇಪಕ್ಷ 60 ದಿನ ಕಲಾಪ ನಡೆಯಬೇಕು ಎಂದು ಅದರಲ್ಲಿದೆ. ಬೇರೆಯವರು ಹೇರಿದ್ದಲ್ಲ, ತಾವೇ ಕೈಯೆತ್ತಿ ಒಪ್ಪಿದ್ದು. 2021ರಲ್ಲಿ ನಮ್ಮ ವಿಧಾನಸಭೆ ಕೂತದ್ದು 40 ದಿನ. ಅದೇ ವರ್ಷ, ಅದೇ ಕೊರೋನಾ ಕಾಟದ ನಡುವೆ, ಪಕ್ಕದ ಕೇರಳದವರು 61 ದಿನ ಕೂತರು. ಇಲಾಖೆಗೊಂದರಂತೆ ವಿಷಯ ಸಮಿತಿಗಳನ್ನು 1980ರಲ್ಲೇ ಮಾಡಿಕೊಂಡು, ಬಜೆಟ್ ಬೇಡಿಕೆಗಳನ್ನು ಆ ಸಮಿತಿಗಳಿಗೆ ಒಪ್ಪಿಸಿ ನೋಡಿಸುವವರೂ ಅವರೇ. ದೆಹಲಿಯ ಸಂಸತ್ತಿಗೆ ಅಂಥ ಬುದ್ಧಿ ಬಂದದ್ದು 1993ರಲ್ಲಿ.

ಲೆಕ್ಕ ಹಾಕಿ ನೋಡಿ. 2025-26ರ ಆ ಬಜೆಟ್ಟಿಗೆ 40 ದಿನ ಕೂತರೆ, ಒಂದೊಂದು ದಿನ ಹತ್ತು ಸಾವಿರ ಕೋಟಿಯ ಮೇಲೆ ಕಣ್ಣಾಡಿಸಬೇಕು. ಅದರಲ್ಲೂ ಧರಣಿಗೆ ಎರಡು ದಿನ, ಸಂತಾಪಕ್ಕೆ ಅರ್ಧ ದಿನ, ಪರಸ್ಪರ ಬೈದಾಟಕ್ಕೆ ಇಷ್ಟು, ಊಟದ ಮೇಲೆ ಕೋರಂ ಇಲ್ಲದ್ದಕ್ಕೆ ಇಷ್ಟು ಕಳೆಯಿರಿ. ನಾಲ್ಕಾರು ಇಲಾಖೆಗಳ ಮೇಲೆ ಒಂದಷ್ಟು ಮಾತು ನಡೆಯುತ್ತದೆ. ಉಳಿದವನ್ನೆಲ್ಲ ಒಂದೇ ಮೂಟೆ ಕಟ್ಟಿ ಧ್ವನಿಮತಕ್ಕೆ ಹಾಕುತ್ತಾರೆ. "ಹೌದು ಎನ್ನುವವರು ಹೌದು ಎನ್ನಿ." ಹೌದು! ಮುಗಿಯಿತು. ಹೊಳೆಯಲ್ಲಿ ಹುಣಸೇಹಣ್ಣು ತೊಳೆಯುವುದು ಎಂದರೆ ಇದೇ ತಾನೆ?

ಸಿಎಜಿ ವರದಿಯನ್ನೂ ಅಧಿವೇಶನದ ಕಟ್ಟಕಡೆಯ ದಿನ ಮೇಜಿನ ಮೇಲಿಟ್ಟು ಕೈ ತೊಳೆದುಕೊಳ್ಳುವ ಚಾಳಿ ದೇಶದ ನಾನಾ ರಾಜ್ಯಗಳಲ್ಲಿ ಇದೆ. ಅಂದು ಸದಸ್ಯರ ಕಣ್ಣು ಗಡಿಯಾರದ ಮೇಲೆ, ಮನಸ್ಸು ಊರಿನ ಮೇಲೆ. ಓದುವುದು ಯಾವಾಗ, ಕೇಳುವುದು ಯಾವಾಗ?

ಕೇಳಿದರೆ ಏನಾಗುತ್ತದೆ?

"ಕೇಳಿ ಏನು ಪ್ರಯೋಜನ ಬಿಡ್ರೀ" ಅನ್ನುವ ಹತಾಶೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ಪ್ರಯೋಜನ ಇದೆ. ಉದಾಹರಣೆ ಕೊಡುತ್ತೇವೆ.

1957ರ ಡಿಸೆಂಬರ್. ಜೀವ ವಿಮಾ ನಿಗಮ ಹುಟ್ಟಿ ಒಂದು ವರ್ಷ ಕಳೆದಿತ್ತಷ್ಟೇ. ಬಡಬಗ್ಗರು ಕಟ್ಟಿದ ಕಂತಿನ ದುಡ್ಡಿನಲ್ಲಿ 1 ಕೋಟಿ 24 ಲಕ್ಷ ರೂಪಾಯಿಯನ್ನು ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಕಂಪೆನಿಗಳ ಷೇರಿಗೆ ಸುರಿದಿದ್ದಾರೆ ಎನ್ನುವ ವಿಷಯವನ್ನು ಲೋಕಸಭೆಯಲ್ಲಿ ಎತ್ತಿದವರು ಫಿರೋಜ್ ಗಾಂಧಿ. ಆತ ವಿರೋಧ ಪಕ್ಷದವರಲ್ಲ; ಆಳುವ ಕಾಂಗ್ರೆಸ್ಸಿನವರೇ, ಪ್ರಧಾನಿ ನೆಹರೂ ಅವರ ಅಳಿಯ. ಸದನದಲ್ಲಿ ನಿಂತು ದಾಖಲೆ ಹಿಡಿದು ಕೇಳಿದರು. ನ್ಯಾಯಮೂರ್ತಿ ಎಂ. ಸಿ. ಚಾಗ್ಲಾ ಅವರ ವಿಚಾರಣಾ ಆಯೋಗ ಬಂತು, ಬಹಿರಂಗವಾಗಿ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆಯಿಂದ ರಾಜೀನಾಮೆಗೆ ಹಿಡಿದದ್ದು ಸುಮಾರು ಎರಡು ತಿಂಗಳು. ನಮ್ಮ ಆಡಳಿತ ಪಕ್ಷದ ಶಾಸಕರು ಇದನ್ನು ಗಮನಿಸಬೇಕು. ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಗುತ್ತಿಗೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಮನೆಯದೇ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಎ. ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಆಮೇಲೆ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ ಬಂತು. ಅದರ ವರದಿ 2011ರಲ್ಲಿ. ಕೆರೆ ಒತ್ತುವರಿಗೆ ಕೆ. ಬಿ. ಕೋಳಿವಾಡ ಸಮಿತಿ, ವರದಿ 2017ರಲ್ಲಿ. ಮೂರೂ ಕಷ್ಟಪಟ್ಟು ಮಾಡಿದ ಕೆಲಸ. ಮೂರನ್ನೂ ಓದಿದರೆ ರೋಗ ಏನು, ಎಲ್ಲಿದೆ, ಯಾರು ಯಾರ ಕೈ ಹಿಡಿದರು ಅನ್ನುವುದು ತಿಳಿಯುತ್ತದೆ. ಅಲ್ಲಲ್ಲಿ ತೆರವೂ ನಡೆಯಿತು, ಕಾನೂನೂ ಬದಲಾಯಿತು. ಆದರೆ "ಈ ಶಿಫಾರಸಿಗೆ ಏನು ಮಾಡಿದಿರಿ?" ಎಂದು ಒಂದೊಂದನ್ನೇ ಎತ್ತಿ, ಅಧಿವೇಶನದಿಂದ ಅಧಿವೇಶನಕ್ಕೆ ಬೆನ್ನು ಹತ್ತುವ ಹಟ ಸದನಕ್ಕೆ ಉಳಿಯಲಿಲ್ಲ. ವರದಿ ಕೈಗೆ ಬಂದ ದಿನವೇ ಕೆಲಸ ಮುಗಿಯಿತು ಅಂದುಕೊಂಡದ್ದೇ ಎಡವಟ್ಟು. ವರದಿ ಬಂದ ದಿನ ಕೆಲಸ ಶುರುವಾಗಬೇಕಿತ್ತು.

ಮಂತ್ರಿಗಳು ಸದನದಲ್ಲಿ ಕೊಡುವ ಮಾತಿನ ಕತೆಯೂ ಹೀಗೇ. "ಪರಿಶೀಲಿಸುತ್ತೇವೆ", "ಮಾಹಿತಿ ತರಿಸಿ ಕೊಡುತ್ತೇವೆ" ಎಂದರೆ ಅದು ಗಾಳಿಮಾತಲ್ಲ. ಅದು ಸದನಕ್ಕೆ ಕೊಟ್ಟ ಭರವಸೆ. ಅವನ್ನೆಲ್ಲ ಪಟ್ಟಿ ಮಾಡಿ ಬೆನ್ನು ಹತ್ತಲೆಂದೇ ಲೋಕಸಭೆ 1953ರಲ್ಲಿ ಭರವಸೆಗಳ ಸಮಿತಿ ಮಾಡಿತು. ಅಲ್ಲಿ ಮೂರು ತಿಂಗಳೊಳಗೆ ಭರವಸೆ ಈಡೇರಬೇಕೆಂಬ ಕಟ್ಟಳೆ ಇದೆ. ನಮ್ಮ ವಿಧಾನಮಂಡಲದಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸದನದ ಮುಂದಿಡಬೇಕಾದ ಕಾಗದಪತ್ರ ತಡವಾದರೆ ಯಾಕೆಂದು ಕೇಳುವ ಸಮಿತಿಯೂ ಇದೆ. ಸಮಿತಿಗಳಿಗೆ ಬರವಿಲ್ಲ. ಆ ಸಮಿತಿಗೆ ಹೋದ ಶಾಸಕನಿಗೆ "ನಿಗಮ ಮಂಡಳಿ ಸಿಗಲಿಲ್ಲ, ಇದಾದರೂ ಸಿಕ್ಕಿತಲ್ಲ" ಅನ್ನುವ ಬೇಸರವೇ ಹೊರತು, ಸರ್ಕಾರದ ಕಿವಿ ಹಿಡಿಯುವ ಅಧಿಕಾರ ತನ್ನ ಕೈಗೆ ಬಂತು ಅನ್ನುವ ಅರಿವಿಲ್ಲ.

ಅಧಿಕಾರಿಗಳ ಮಾತೂ ಕೇಳೋಣ

ಒಂದೇ ಕಡೆ ಮಾತಾಡಿದರೆ ನ್ಯಾಯವಲ್ಲ. ತಾಲೂಕು ಮಟ್ಟದ ಅಧಿಕಾರಿಯೊಬ್ಬರು ಮೊನ್ನೆ ಕಾಫಿ ಕುಡಿಯುತ್ತಾ ಹೊಟ್ಟೆಯ ಸಂಕಟ ತೋಡಿಕೊಂಡರು. "ನೀವು ವರದಿ ವರದಿ ಅಂತೀರಿ. ನಮಗೆ ವರದಿ ಕಳಿಸೋದೇ ಕೆಲಸ ಆಗಿದೆ ಸಾರ್. ಬೆಳಿಗ್ಗೆ ಒಂದು ನಮೂನೆ, ಮಧ್ಯಾಹ್ನ ಇನ್ನೊಂದು ನಮೂನೆ. ವಾಟ್ಸಾಪಿನಲ್ಲಿ ಮೆಸೇಜು, 'ಸಂಜೆ ಐದರೊಳಗೆ ಕಳಿಸಿ, ತಪ್ಪಿದರೆ ನೋಟೀಸು'. ಆಫೀಸಲ್ಲಿ ಅರ್ಧ ಕುರ್ಚಿ ಖಾಲಿ. ಹಳ್ಳಿಗೆ ಹೋಗಿ ಕೆಲಸ ನೋಡೋದು ಯಾವಾಗ?"

ಅವರು ಹೇಳಿದ್ದು ಅಕ್ಷರಶಃ ನಿಜ. ಅದಕ್ಕೇ ನಾವು ಇನ್ನಷ್ಟು ವರದಿ ಬೇಕು ಎನ್ನುತ್ತಿಲ್ಲ. ಕಡಿಮೆ ವರದಿ ಸಾಕು, ಆದರೆ ಕಳಿಸಿದ್ದನ್ನು ಯಾರಾದರೂ ಓದಬೇಕು ಎನ್ನುತ್ತಿದ್ದೇವೆ. ಓದುವವರಿಲ್ಲದ ಹತ್ತು ನಮೂನೆಗಿಂತ, ಓದಿ ಮರುಪ್ರಶ್ನೆ ಕೇಳುವ ಒಂದು ಪುಟ ಮೇಲು. ಓದುತ್ತಾರೆ ಎಂದು ಗೊತ್ತಾದರೆ ಬರೆಯುವವನ ಕೈ ತಾನಾಗಿ ನೆಟ್ಟಗಾಗುತ್ತದೆ. ಹೋದ ತಿಂಗಳ ಅಂಕಿಗೆ ಐದು ಸೇರಿಸಿ ಈ ತಿಂಗಳ ಅಂಕಿ ಮಾಡುವ ಚಾಳಿಯೂ ನಿಲ್ಲುತ್ತದೆ. ಪ್ರಾಮಾಣಿಕವಾಗಿ ದುಡಿಯುವ ಅಧಿಕಾರಿಗೆ ಇದರಿಂದ ನಷ್ಟವಿಲ್ಲ, ಲಾಭವೇ. ಇವತ್ತು ತರಾಟೆಯಲ್ಲಿ ಅವನಿಗೂ ಕಳ್ಳನಿಗೂ ಒಂದೇ ಬೈಗುಳ.

ನಡುವಿನ ಮೆಟ್ಟಿಲು ಮುರಿದಾಗ

ಜಿಲ್ಲೆಯ ಮಟ್ಟದಲ್ಲಿ ಕೇಳುವವರು ಯಾರಿರಬೇಕಿತ್ತು? ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಸದಸ್ಯರು. ಅಧಿಕಾರವನ್ನು ಹಳ್ಳಿಗೆ ಇಳಿಸಬೇಕೆಂದು ನಜೀರ್ ಸಾಬ್ ಮುತುವರ್ಜಿಯಿಂದ ಕಟ್ಟಿದ ವ್ಯವಸ್ಥೆಗೆ 1987ರಲ್ಲಿ ಮೊದಲ ಚುನಾವಣೆ ನಡೆದಾಗ ಈ ನಾಡೇ ದೇಶಕ್ಕೆ ಮಾದರಿ ಅನ್ನಿಸಿಕೊಂಡಿತ್ತು. ಅದೇ ನಾಡಿನಲ್ಲಿ 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಲೆಕ್ಕ ಕೊಡಬೇಕಾದ ಅಧಿಕಾರಿಯೇ ಲೆಕ್ಕ ಕೇಳುವ ಕುರ್ಚಿಯಲ್ಲೂ ಕೂತರು. ತಾನೇ ಬರೆದ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡರೆ ನಪಾಸಾಗುವವರು ಯಾರು?

ಗ್ರಾಮ ಪಂಚಾಯಿತಿಗೆ ಜಮಾಬಂದಿ ಎನ್ನುವ ಪದ್ಧತಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಹಿಂದಿನ ವರ್ಷದ ಲೆಕ್ಕ, ಕಾಮಗಾರಿಯ ಕಡತ, ಬಿಲ್ಲು, ರಸೀತಿ ಎಲ್ಲವನ್ನೂ ಜನರ ಮುಂದೆ ಹರಡಬೇಕು. ಬಹಳ ಊರುಗಳಲ್ಲಿ ಇದು ಪಿಡಿಓ, ಸದಸ್ಯರು, ಹತ್ತಾರು ಜನರ ಸಹಿ, ಒಂದು ಫೋಟೋ ಇಷ್ಟರಲ್ಲೇ ಮುಗಿಯುತ್ತದೆ. ತಪ್ಪು ಪಿಡಿಓದು ಮಾತ್ರವೇ? ಮದುವೆಗೆ ಬಾರದ ಶಾಸಕನ ಮೇಲೆ ವರ್ಷಗಟ್ಟಲೆ ಮುನಿಸು ಇಟ್ಟುಕೊಳ್ಳುವ ನಾವು, ಸದನದಲ್ಲಿ ಒಂದೂ ಪ್ರಶ್ನೆ ಕೇಳದ ಶಾಸಕನನ್ನು ಒಮ್ಮೆಯಾದರೂ "ಯಾಕಪ್ಪ?" ಅಂದಿದ್ದೇವೆಯೇ? ತಿಥಿಗೆ ಬಂದನೋ ಇಲ್ಲವೋ ಎಂದು ನೋಡಿ ವೋಟು ಹಾಕಿದರೆ, ಆತ ತಿಥಿ ಊಟಕ್ಕೇ ಹೋಗುತ್ತಾನೆ. ಲೆಕ್ಕಪತ್ರ ಸಮಿತಿಗೆ ಯಾಕೆ ಹೋಗುತ್ತಾನೆ?

ನಾವು ಕೇಳುವುದು ಇಷ್ಟು

ಸರ್ಕಾರಕ್ಕೆ: ಸಿಎಜಿ ವರದಿ ಕೈಗೆ ಬಂದ ಮೇಲೆ ಮೊದಲು ಸಿಗುವ ಅಧಿವೇಶನದ ಮೊದಲ ವಾರದಲ್ಲೇ ಸದನದ ಮುಂದಿಡಿ. ಇಲಾಖೆಯ ವಾರ್ಷಿಕ ವರದಿ ಬಜೆಟ್ ಬೇಡಿಕೆ ಚರ್ಚೆಗೆ ಮುಂಚೆ ಬರಲಿ, ಆಮೇಲಲ್ಲ. ನಾಲ್ಕು ತಿಂಗಳ ಟಿಪ್ಪಣಿ ತಪ್ಪಿಸಿದ ಇಲಾಖೆಯ ಮುಖ್ಯಸ್ಥರ ಹೆಸರು, ತಡವಾದ ದಿನಗಳ ಲೆಕ್ಕ ಸದನದಲ್ಲಿ ಓದಲಿ. ಹಣ ಬೇಡ, ಜೈಲು ಬೇಡ, ನಾಚಿಕೆ ಸಾಕು.

ಶಾಸಕರಿಗೆ: 60 ದಿನ ಕೂರಿ. ನೀವೇ ಮಾಡಿದ ಕಾನೂನು. ನಿಮ್ಮ ಸಮಿತಿಗೆ ಹೋಗಿ, ಕಾಗದ ಓದಿ, ಎರಡನೇ ಸಲ ಕೇಳಿ.

ಜಿಲ್ಲಾಡಳಿತಕ್ಕೆ: ಕೆಡಿಪಿ ಸಭೆ ಶುರುವಾಗುವುದೇ ಅನುಪಾಲನಾ ವರದಿಯಿಂದ ಆಗಲಿ. "ಕ್ರಮ ಕೈಗೊಳ್ಳಲಾಗುತ್ತಿದೆ" ಅನ್ನುವ ವಾಕ್ಯಕ್ಕೆ ನಿಷೇಧ ಹಾಕಿ. ಅದರ ಜಾಗದಲ್ಲಿ ಮೂರು ಕಾಲಂ ಇರಲಿ: ಯಾರು ಮಾಡಬೇಕು, ಯಾವ ತಾರೀಖಿಗೆ, ಆಗದಿದ್ದರೆ ಏಕೆ. ಖರ್ಚಿನ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಇವತ್ತು ನಡೆಯುತ್ತಿದೆಯೇ? ಆ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಯ ಫಲಕಕ್ಕೂ, ಜಾಲತಾಣಕ್ಕೂ ಹಾಕಿ. ಕೇಳುವ ಮುನ್ನವೇ ಮಾಹಿತಿ ಬಿಚ್ಚಿಡಬೇಕು ಎಂದು 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೇ ಸೆಕ್ಷನ್ನೇ ಹೇಳುತ್ತದೆ.

ಓದುಗರಿಗೆ: ಫಲಕದಲ್ಲಿ ಹಾಕದಿದ್ದರೆ ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕಿ. ನಿಮ್ಮ ಊರಿನ ಒಂದೇ ಒಂದು ಕೆಲಸ ಹಿಡಿಯಿರಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಊರಿನ ದೊಡ್ಡ ಅನ್ಯಾಯವಾದರೆ ಶಾಸಕರ ಸಹಿ ಪಡೆದು ವಿಧಾನಮಂಡಲದ ಅರ್ಜಿ ಸಮಿತಿಗೇ ಬರೆಯಬಹುದು. ಜಮಾಬಂದಿಗೆ ಹೋಗಿ, ಕೂತು, ರಸೀತಿ ನೋಡಿ.

ಕೊನೆಗೆ ನಮಗೆ. ಮುಂದಿನ ಕೆಡಿಪಿ ಸಭೆಯ ಸಂಜೆ ನಮ್ಮ ಪತ್ರಿಕೆಯಲ್ಲಿ ತರಾಟೆಯ ಸುದ್ದಿ ಒಳಪುಟದಲ್ಲಿ ನಾಲ್ಕೇ ಸಾಲು ಇರುತ್ತದೆ. ಮುಖಪುಟದಲ್ಲಿ ಒಂದು ಪಟ್ಟಿ ಇರುತ್ತದೆ. ಹಿಂದಿನ ಸಭೆಯಲ್ಲಿ ಯಾವ ಇಲಾಖೆ ಏನು ಮಾಡುತ್ತೇನೆಂದಿತು, ಏನು ಮಾಡಿತು. ಮಾಡಿದವರಿಗೆ ಶಹಬಾಸ್, ಮಾಡದವರ ಎದುರಿಗೆ ಖಾಲಿ ಜಾಗ. ಅದರ ಮುಂದಿನ ಸಭೆಗೂ ಅದೇ ಪಟ್ಟಿ, ಅದರ ಮುಂದಿನದಕ್ಕೂ ಅದೇ. ಆ ಅಜ್ಜಿಯ ನಲ್ಲಿಯೂ ಪಟ್ಟಿಯಲ್ಲಿರುತ್ತದೆ. ಎಮ್ಮೆ ಬಿಚ್ಚಿ ಕೊಡ ಇಡುವ ದಿನ ಅದನ್ನು ಹೊಡೆದುಹಾಕುತ್ತೇವೆ.

ಪಟ್ಟಿ ಹಾಕುವುದನ್ನು ನಾವೇ ಮರೆತರೆ, ಕಚೇರಿ ಬಾಗಿಲು ತೆರೆದೇ ಇರುತ್ತದೆ. ಬಂದು ಕೇಳಿ. ಎರಡನೇ ಸಲವೂ ಬಂದು ಕೇಳಿ.